ಕಾರು ಬಿಚ್ಚುವ ಕ್ರಮ

೧೯೭೨ ಅಕ್ಟೋಬರ್ ೯, ಸೋಮವಾರ

ಬೆಳಗ್ಗೆ ಹತ್ತೂಕಾಲಿಗೆ ಲಾರಿಯೊಂದು ನಮ್ಮ ಗೇಟಿನ ಮುಂದೆ ನಿಂತಿತು. ಚಾಲಕ ಇಳಿದು ಬಂದು, "ಪಾಕ್ಲಿಂಗ್ಟನ್ ಅವ್ರ ಮನೆ ಇದೇನಾ? ಕಾರು ತಂದಿದೀನಿ," ಎಂದ. ನಾನು ಲಾರಿಯೊಳಗೆ ಇಣುಕಿದೆ. ಹನ್ನೊಂದು ಮರದ ಪೆಟ್ಟಿಗೆಗಳಿದ್ದವು. ಕಬ್ಬಿಣದ ಕೊಳವೆಗಳನ್ನು ಬೆಸೆದು ಮಾಡಿದ, ಆಸ್ಪತ್ರೆಯ ಮಂಚದಂಥ ಒಂದು ಚೌಕಟ್ಟಿತ್ತು. ಅದರ ಪಕ್ಕದಲ್ಲಿ ಗೋಣಿಯಲ್ಲಿ ಸುತ್ತಿದ ಒಂದು ಹಳೆಯ ಎಂಜಿನ್ ಇತ್ತು.

"ಇದು ಕಾರಲ್ಲ. ಕಾರಿನ ಬಿಡಿಭಾಗಗಳು," ಎಂದು ತಿದ್ದಿದೆ.

"ನಿಮ್ಗೆ ಹೆಂಗ್ ಬೇಕೋ ಹಂಗ್ ಕರ್ಕೊಳ್ಳಿ ಅಮ್ಮಾವ್ರೇ. ಇಲ್ಲೊಂದು ಸೈನ್ ಹಾಕಿ."

ಸೆಪ್ಟಿಮಸ್ ಹಿತ್ತಲಿನಿಂದ ಬಂದು ನನ್ನ ಮುಖ ನೋಡದೆ ಸಹಿ ಹಾಕಿದ. ಮೂವತ್ತಾರು ವರ್ಷಗಳ ದಾಂಪತ್ಯದಲ್ಲಿ ನನ್ನನ್ನು ಕೇಳದೆ ಅವನು ಒಂದು ಕುರ್ಚಿಯನ್ನೂ ತರಿಸಿದವನಲ್ಲ.

"ಯಾವಾಗ ಹೇಳಿ ಕಳಿಸ್ದೆ?"

"ಆಗಸ್ಟಲ್ಲಿ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬೇಡ ಅಂತಿದ್ದೆ."

"ಖಂಡಿತ ಅಂತಿದ್ದೆ. ಅರವತ್ತಮೂರು ವರ್ಷಕ್ಕೆ ಓಟದ ಕಾರು! ತಲೆ ಮೇಲೊಂದು ಮಾಡೂ ಇಲ್ಲ."

"ಮಾಡು ಇದೆ, ಥರ್ಜಾ. ಬಟ್ಟೇದು."

ಪೆಟ್ಟಿಗೆಗಳೆಲ್ಲ ಗ್ಯಾರೇಜು ಸೇರಿದ ಮೇಲೆ ಅವನು ಉಳಿದುದನ್ನು ಹೇಳಿದ. ಜುಲೈಯಲ್ಲಿ ಕಾಲುವೆ ಮಂಡಳಿಯ ಹಳೆಯ ಸಹೋದ್ಯೋಗಿಗಳೊಡನೆ ಊಟವಿದೆಯೆಂದು ಲಿಂಕನ್ ಪಟ್ಟಣಕ್ಕೆ ಹೋಗಿದ್ದನಲ್ಲ, ಅಂದು ಊಟವೇನೂ ಇರಲಿಲ್ಲ. ಅವನು ಕಣ್ಣಾಸ್ಪತ್ರೆಗೆ ಹೋಗಿದ್ದ. ಎರಡೂ ಕಣ್ಣುಗಳಿಗೆ ಗ್ಲಾಕೋಮಾ. ನೋಟ ಸುತ್ತಲಿನಿಂದ ಮುಚ್ಚಿಕೊಂಡು ಬರುತ್ತಿದೆ. ಮುಂದಿನ ಬೇಸಿಗೆಯವರೆಗೆ ಉಳಿದರೆ ಹೆಚ್ಚು.

"ಮೂವತ್ತೊಂದು ವರ್ಷ ಮಂಡಳಿಯ ವ್ಯಾನಲ್ಲಿ ಕಾಲುವೆ ಏರಿ ಮೇಲೆ ಇಪ್ಪತ್ತು ಮೈಲಿ ವೇಗದಲ್ಲಿ ತೆವಳಿದೀನಿ," ಎಂದ. "ಕಣ್ಣು ಹೋಗೋ ಮುಂಚೆ ಒಂದೇ ಒಂದ್ಸಲ, ನನ್ನ ಕೈಯಾರೆ ಮಾಡಿದ ಕಾರನ್ನ ಜೋರಾಗಿ ಓಡಿಸ್ಬೇಕು. ಅಷ್ಟೇ ಕಣೆ. ಆಮೇಲೆ ನಾನೂ ನಿನ್ನ ಕುರ್ಚಿ ಮೇಜಿನ ಜೊತೆ ಇನ್ನೊಂದು ಸಾಮಾನು."

ನಾನು ಒಳಗೆ ಹೋಗಿ ಪಾತ್ರೆ ತೊಳೆದೆ. ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದೆನೆಂದು ಆಮೇಲೆ ಗಮನಕ್ಕೆ ಬಂತು.

ಅಕ್ಟೋಬರ್ ೧೨, ಗುರುವಾರ

ಸೆಪ್‌ನ ಆಟಿಕೆಯ ಜೊತೆ ಬಂದ ಕಾಗದಗಳನ್ನು ಇಂದು ನೋಡಿದೆ. ನಲವತ್ತು ವರ್ಷ ಶಾಲೆಯಲ್ಲಿ ಕಲಿಸಿದ ನಾನು ಇಷ್ಟು ವಿಚಿತ್ರವಾದ ಬರಹವನ್ನು ಕಂಡಿಲ್ಲ. ಅದಕ್ಕೆ "ಕಾರನ್ನು ಬಿಚ್ಚುವ ಕ್ರಮ" ಎಂಬ ಶೀರ್ಷಿಕೆಯಿದೆ. ಜೋಡಿಸುವ ಕ್ರಮ ಎಲ್ಲಿಯೂ ಇಲ್ಲ.

"ಪೂರ್ತಿ ಕಾರು ಕೊಂಡ್ರೆ ಸರ್ಕಾರಕ್ಕೆ ತೆರಿಗೆ," ಎಂದು ಸೆಪ್ ವಿವರಿಸಿದ. "ಬಿಡಿಭಾಗ ಕೊಂಡ್ರೆ ಇಲ್ಲ. ಆದ್ರೆ ಅದ್ರ ಜೊತೆ ಜೋಡಿಸೋದು ಹೇಗೆ ಅಂತ ಬರೆದು ಕೊಟ್ರೆ ಅದನ್ನೂ ಪೂರ್ತಿ ಕಾರು ಅಂತಾರೆ. ಅದಕ್ಕೆ ಕಂಪನಿಯವರು ಬಿಚ್ಚೋದು ಹೇಗೆ ಅಂತ ಬರೀತಾರೆ. ಬಿಚ್ಚಬೇಡಿ ಅಂತ ಕಾನೂನಿಲ್ವಲ್ಲ."

"ಕೊಂಡೋರು ಏನ್ ಮಾಡ್ಬೇಕು?"

"ಕೊನೇ ಸಾಲಿಂದ ಮೇಲಕ್ಕೆ ಓದ್ಕೊಂಡು ಬರ್ಬೇಕು. ದೇಶದಲ್ಲಿ ಗ್ಯಾರೇಜಲ್ಲಿ ಕೂತಿರೋರೆಲ್ಲ ಹಾಗೇ ಮಾಡೋದು."

ಹೇಳುವಾಗ ಅವನು ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದ. ಮೂರನೆಯ ಸಾಲಿನಲ್ಲಿದ್ದ ಬೆರಳು ಐದನೆಯ ಸಾಲಿಗೆ ಜಾರಿತು. ಅವನಿಗೆ ಅದು ತಿಳಿಯಲಿಲ್ಲ.

ನಾನು ಹಾಳೆಗಳನ್ನು ಕಿತ್ತುಕೊಂಡೆ. ಓದುವ ಕೆಲಸ ನನ್ನದು. ಸ್ಪಾನರ್ ಮುಟ್ಟುವ ಕೆಲಸ ಖಂಡಿತ ನನ್ನದಲ್ಲ. ಈ ಅಪದ್ಧವನ್ನು ಇದ್ದಂತೆಯೇ ಓದಲೂ ನನ್ನಿಂದಾಗದು. ಮೊದಲು ಶುದ್ಧಪ್ರತಿ ತಯಾರಾಗಬೇಕು.

ಅಕ್ಟೋಬರ್ ೨೬, ಗುರುವಾರ

ಶುದ್ಧಪ್ರತಿ ಮುಗಿಯಿತು. ನೀಲಿ ರಟ್ಟಿನ ಅಭ್ಯಾಸ ಪುಸ್ತಕದಲ್ಲಿ ಕೊನೆಯಿಂದ ಮೊದಲಿಗೆ ಬರೆದಿದ್ದೇನೆ. "ತೆಗೆಯಿರಿ" ಎಂದಿರುವಲ್ಲಿ "ಕೂರಿಸುವುದು", "ಸಡಿಲಿಸಿ" ಎಂದಿರುವಲ್ಲಿ "ಬಿಗಿಯುವುದು". ಕಂಪನಿಯ ಇನ್ನೂರ ಹದಿನಾಲ್ಕು ಹಂತಗಳಲ್ಲಿ ಪುನರುಕ್ತಿಗಳನ್ನು ಕಳೆದು ನೂರ ತೊಂಬತ್ತೊಂದಕ್ಕೆ ಇಳಿಸಿದೆ. ಉದಾಹರಣೆಗೆ, ಚಕ್ರಗಳ ತೋಳುಗಳನ್ನು ಚೌಕಟ್ಟಿಗೆ ಹಿಡಿಯುವ ಎಂಟು ನಟ್ಟುಗಳ ವಿಷಯ. ಅವುಗಳನ್ನು ಸಡಿಲಿಸಲು ಮೊದಲನೆಯ ಹಾಳೆಯಲ್ಲಿ ಒಮ್ಮೆ ಹೇಳಿ, ಅದೇ ಎಂಟನ್ನು ತೆಗೆಯಲು ನಾಲ್ಕನೆಯ ಹಾಳೆಯಲ್ಲಿ ಮತ್ತೆ ಹೇಳಿದ್ದಾರೆ. ಒಂದೇ ಮಾತನ್ನು ಎರಡು ಸಲ ಹೇಳುವುದು ಬರೆಯುವವನ ಮನಸ್ಸಿನ ಸೋಮಾರಿತನ. ಒಂದನ್ನು ಹೊಡೆದುಹಾಕಿದೆ.

ಸೆಪ್‌ಗೆ ಓದಿ ತೋರಿಸಿದೆ. "ಪ್ರಾರ್ಥನೆ ಪುಸ್ತಕದ ಹಾಗಿದೆ," ಎಂದ. ಹೊಗಳಿಕೆಯೆಂದೇ ತೆಗೆದುಕೊಂಡಿದ್ದೇನೆ.

ನವೆಂಬರ್ ೮, ಬುಧವಾರ

ರೆಜಿನಾಲ್ಡ್ ಕಟ್‌ಫರ್ತ್ ಬಂದಿದ್ದ. ಈಗ ನಲವತ್ತೈದರ ಪ್ರಾಯ. ಟ್ರ್ಯಾಕ್ಟರ್ ರಿಪೇರಿಯ ಅಂಗಳವಿದೆ. ನನ್ನ ತರಗತಿಯಲ್ಲಿ ಎರಡು ವರ್ಷ ಒಂದೇ ಬೆಂಚಿನಲ್ಲಿ ಕುಳಿತವನು. ಗೊಬ್ಬರದ ಬೂಟುಗಳ ಸಮೇತ ಅಡುಗೆಮನೆಗೆ ನುಗ್ಗಿದ.

"ಕಾರ್ ಕಟ್ತಿದೀರಂತೆ ಮಿಸ್! ಊರೆಲ್ಲ ಅದೇ ಸುದ್ದಿ."

"ಕಟ್ಟುವುದು ಮನೆಯನ್ನು, ರೆಜಿನಾಲ್ಡ್. ಕಾರನ್ನು ಜೋಡಿಸುತ್ತಾರೆ."

"ಏನೋ ಒಂದು. ಯಜಮಾನ್ರಿಗೆ ಕಣ್ಣು ಸರಿ ಇಲ್ಲ ಅಂತಾರೆ. ನಾನೊಂದು ಕೈ ಹಾಕ್ಲಾ? ಭಾನುವಾರ ನಂಗೇನು ಕೆಲ್ಸ ಇಲ್ಲ."

"ಭಾನುವಾರ ಚರ್ಚಿಗೆ ಹೋಗುವುದು ಕೆಲಸವಲ್ಲವೆ? ಮೊದಲು ಬೂಟು ಬಿಚ್ಚು."

ಅವನು ಬೂಟುಗಳನ್ನು ನೋಡಿದ, ನನ್ನನ್ನು ನೋಡಿದ, ನಕ್ಕು ಹೊರಟುಹೋದ. ಗೇಟಿನ ಬಳಿ ಸೆಪ್‌ಗೆ, "ಅವ್ರು ಇನ್ನೂ ನನ್ನ ಫೇಲ್ ಮಾಡ್ತಾನೇ ಇದಾರೆ ಸಾರ್," ಎಂದದ್ದು ಕೇಳಿಸಿತು. ಸೆಪ್ ನಕ್ಕ. ಯಾರೂ ಕರುಣೆಯಿಂದ ನಮ್ಮ ಮನೆಯೊಳಗೆ ಬರುವ ಅಗತ್ಯವಿಲ್ಲ.

ನವೆಂಬರ್ ೨೧, ಮಂಗಳವಾರ

ನಾಲ್ಕೂ ಚಕ್ರಗಳ ತೋಳುಗಳನ್ನು ಚೌಕಟ್ಟಿಗೆ ಸೇರಿಸಿದೆವು. ಸೇರಿಸಿದೆವು ಎಂದೆ, ಏಕೆಂದರೆ ಸ್ಪಾನರನ್ನು ಸೆಪ್‌ನ ಅಂಗೈಗೆ ಇಡುವುದು ನನ್ನ ಕೆಲಸವಾಗಿದೆ. ಅರ್ಧ ಇಂಚಿನದು ಯಾವುದು, ಒಂಬತ್ತು ಬೈ ಹದಿನಾರು ಇಂಚಿನದು ಯಾವುದು ಎಂದು ತೂಕದಿಂದಲೇ ಈಗ ನನಗೆ ಗೊತ್ತು.

ಬಿಗಿದ ಪ್ರತಿ ನಟ್ಟಿನ ಮೇಲೂ ಬಣ್ಣದ ಚುಕ್ಕೆ ಇಡುವುದು ಸೆಪ್‌ನ ಪದ್ಧತಿ. ಕಾಲುವೆಯ ತೂಬುಗಳಿಗೆ ಮಂಡಳಿಯಲ್ಲಿ ಹಾಗೆ ಗುರುತು ಮಾಡುತ್ತಿದ್ದರಂತೆ. ಅವನ ಕೈಯ ಕುಂಚ ನಟ್ಟನ್ನು ಬಿಟ್ಟು ಪಕ್ಕಕ್ಕೆ ಹೋಗುವುದರಿಂದ ಕುಂಚವೂ ನನ್ನದಾಯಿತು. ಬಿಳಿ ಸಾಕೆಂದ. ನಾನು ಕೆಂಪನ್ನು ತರಿಸಿದೆ. ಕೆಂಪು ಬಣ್ಣದಲ್ಲಿ ಗುರುತು ಹಾಕಿ ನನ್ನ ಕೈ ಪಳಗಿದೆ.

ಆ ಎಂಟು ನಟ್ಟುಗಳಿಗೆ ಬಂದಾಗ ಸೆಪ್, "ಬಿಗೀಲಾ?" ಎಂದ.

"'ನಟ್ಟುಗಳನ್ನು ಕೂರಿಸುವುದು' ಅಂತಷ್ಟೇ ಇದೆ."

"ಆಮೇಲೆ ಬಿಗಿಯಕ್ಕೆ ಹೇಳ್ತಾರೇನೋ."

"ಹೇಳಿದಾಗ ಬಿಗಿದರಾಯ್ತು. ಪುಸ್ತಕ ಹೇಳಿದಷ್ಟೇ ಮಾಡು."

ಸಂಜೆಯ ಚಹಾಕ್ಕೆ ಪ್ಲಮ್ ಬ್ರೆಡ್ ಕೊಯ್ದಿದ್ದೆ. ಅವನ ಕೈ ತಟ್ಟೆಯ ಪಕ್ಕದ ಮೇಜುಬಟ್ಟೆಯ ಮೇಲೆ ಬ್ರೆಡ್ಡಿಗಾಗಿ ತಡಕಿತು. ನಾನು ತಟ್ಟೆಯನ್ನು ಮೆಲ್ಲಗೆ ಅವನ ಬೆರಳುಗಳ ಕೆಳಗೆ ಸರಿಸಿದೆ. ಇಬ್ಬರೂ ಹವಾಮಾನದ ವಿಷಯ ಮಾತಾಡಿದೆವು.

ಡಿಸೆಂಬರ್ ೬, ಬುಧವಾರ

ಲಿಂಕನ್. ಕಣ್ಣಾಸ್ಪತ್ರೆ. ನಾನೂ ಹೋಗಿದ್ದೆ.

ಬೇಸಿಗೆಯವರೆಗೆ ಉಳಿಯುವುದಿಲ್ಲವಂತೆ. ಎಷ್ಟು ದಿನವೆಂದು ವೈದ್ಯರು ಹೇಳಲೊಲ್ಲರು. ವಾಹನ ಚಾಲನೆಯ ಪರವಾನಗಿಯನ್ನು ಕೂಡಲೇ ಹಿಂದಿರುಗಿಸಬೇಕು.

ಬಸ್ಸಿನಲ್ಲಿ ಸೆಪ್ ಕಿಟಕಿಯ ಕಡೆ ಕುಳಿತ. ಹೊರಗೆ ಎಲೆಕೋಸಿನ ಹೊಲಗಳು, ಅವನೇ ಅಳೆದು ಗುರುತಿಸಿದ ಕಾಲುವೆಗಳು, ಸಾಲಾಗಿ ನೆಟ್ಟಗೆ. ನಮ್ಮ ನಿಲ್ದಾಣ ಬಂದಾಗ, "ರಸ್ತೆ ಮೇಲೆ ಬಿಡಲ್ಲ ಅಂದ್ರಲ್ಲ. ರಸ್ತೆಯಲ್ಲದ ಜಾಗ ನೋಡಿದ್ರಾಯ್ತು. ಇವತ್ತು ಎಷ್ಟನೇ ಹಂತ?" ಎಂದ.

"ಅರವತ್ತೆರಡು," ಎಂದೆ. ನನ್ನ ಧ್ವನಿ ನನಗೇ ಹಿಡಿಸಲಿಲ್ಲ.

ಡಿಸೆಂಬರ್ ೨೫, ಸೋಮವಾರ

ಪ್ರಾರ್ಥನೆಗೆ ಹೋಗಲಿಲ್ಲ. ಬ್ರೇಕಿನ ಕೊಳವೆಗಳು. ಎಪ್ಪತ್ತೊಂಬತ್ತರಿಂದ ಎಂಬತ್ತಾರು.

ಜನವರಿ ೧೧, ಗುರುವಾರ

ಎಂಜಿನನ್ನು ಎತ್ತಿ ಕೂರಿಸುವುದು ನಮ್ಮಿಬ್ಬರಿಂದ ಆಗದ ಮಾತು. ನಿನ್ನೆ ಪ್ರಯತ್ನಿಸಿದೆವು. ಹಗ್ಗ ಜಾರಿ, ಎಂಜಿನ್ ಸೆಪ್‌ನ ಪಾದದಿಂದ ಒಂದು ಗೇಣು ಆಚೆ ಬಿತ್ತು. ಬೀಳುತ್ತಿದ್ದುದನ್ನು ಅವನು ಕಂಡಿರಲಿಲ್ಲ. ಸದ್ದು ಕೇಳಿದ ಮೇಲೆ ಹಾರಿದ.

ಇಂದು ಬೆಳಗ್ಗೆ ರೆಜ್ ಕಟ್‌ಫರ್ತ್‌ನ ಅಂಗಳಕ್ಕೆ ನಡೆದು ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯಗಳನ್ನು ರಚಿಸಿಕೊಂಡಿದ್ದೆ. ಅವನು ಟ್ರ್ಯಾಕ್ಟರಿನ ಕೆಳಗಿನಿಂದ ತಲೆ ಹೊರಹಾಕಿ, "ಬೂಟು ಬಿಚ್ಲಾ ಮಿಸ್?" ಎಂದ. ರಚಿಸಿಕೊಂಡದ್ದೆಲ್ಲ ಮರೆತುಹೋಯಿತು.

"ಎಂಜಿನ್ ಎತ್ತಬೇಕು, ರೆಜ್."

"ಕೇಳಕ್ಕೆ ಎರಡು ತಿಂಗಳು ಬೇಕಾಯ್ತಾ?"

"ಬೇಕಾಯಿತು."

ಟ್ರ್ಯಾಕ್ಟರಿನ ಮುಂದಿನ ತೋಳಿಗೆ ಸರಪಳಿ ಕಟ್ಟಿ, ಇಪ್ಪತ್ತು ನಿಮಿಷದಲ್ಲಿ ಎಂಜಿನನ್ನು ಅದರ ಜಾಗದಲ್ಲಿ ಇಳಿಸಿದ. ಸೆಪ್ ಎರಡೂ ಕೈಗಳಿಂದ ತಡವಿ, "ಕೂತಿದೆ, ಸರಿಯಾಗಿ ಕೂತಿದೆ," ಎನ್ನುತ್ತಲೇ ಇದ್ದ. ಹೊರಡುವಾಗ ರೆಜ್ ನನ್ನ ಕೈಗಳನ್ನು ನೋಡಿ, "ನಿಮ್ಮ ಉಗುರು ನನ್ನ ಉಗುರಿಗಿಂತ ಕೊಳಕಾಗಿದೆ ಮಿಸ್. ತರಗತಿಲಾಗಿದ್ರೆ ಹೊರಗೆ ನಿಲ್ಲಿಸ್ತಿದ್ರಿ," ಎಂದ. ಹಂದಿಮಾಂಸ ತುಂಬಿ ಬೇಯಿಸಿದ ಪೈಯಲ್ಲಿ ಅರ್ಧವನ್ನು ಕಟ್ಟಿ ಕೊಟ್ಟೆ.

ಜನವರಿ ೩೦, ಮಂಗಳವಾರ

ಮಧ್ಯಾಹ್ನ ಮೂರು ಗಂಟೆ. ಗ್ಯಾರೇಜಿನ ದೀಪ ಉರಿಯುತ್ತಿತ್ತು. ಸೆಪ್ ತಂತಿಗಳ ಮೇಲೆ ಬಗ್ಗಿದ್ದವನು, "ಸ್ವಲ್ಪ ದೀಪ ಹಾಕ್ತೀಯಾ?" ಎಂದ.

ನಾನು ಗೋಡೆಯ ಬಳಿ ಹೋಗಿ, ದೀಪ ಆರಿಸಿ, ಮತ್ತೆ ಹಾಕಿದೆ. ಅವನಿಗೆ ಸ್ವಿಚ್ಚಿನ ಸದ್ದು ಕೇಳಿಸಬೇಕಿತ್ತು.

"ಹಾಂ, ಈಗ ಸರಿಯಾಯ್ತು," ಎಂದ.

ಅವನಿಗೆ ಸದ್ದು ಎರಡು ಸಲ, ಆರಿಸಿದ್ದೂ ಹಾಕಿದ್ದೂ, ಕೇಳಿಸಿತ್ತೆಂಬುದು ನನಗೆ ಆಮೇಲೆ ಹೊಳೆಯಿತು.

ಫೆಬ್ರವರಿ ೨, ಶುಕ್ರವಾರ

ಎರಡು ದಿನದಿಂದ ಸೆಪ್ ಗ್ಯಾರೇಜಿಗೆ ಬಂದಿಲ್ಲ. ಕೂರುವ ಕೋಣೆಯಲ್ಲಿ, ಗ್ಯಾರೇಜಿಗೆ ತಾಗಿದ ಗೋಡೆಗೆ ಮುಖಮಾಡಿ ಕುಳಿತಿದ್ದಾನೆ. ರೇಡಿಯೋ ಬೇಡ. ಊಟ ಬೇಡ. ಕೋಟಿನ ಗುಂಡಿಗಳನ್ನು ಹಾಕುತ್ತಾನೆ, ಬಿಚ್ಚುತ್ತಾನೆ.

"ಸಾಕು ಥರ್ಜಾ. ಮುಗೀತು. ಯಾರಿಗಾದ್ರೂ ಕೊಟ್ಬಿಡು."

"ನೂರ ಮೂವತ್ತೆಂಟು ಹಂತ ಮುಗಿದಿದೆ! ಐವತ್ತಮೂರು ಉಳಿದಿದೆ!"

"ನಿನಗೆ ಲೆಕ್ಕ ಚೆನ್ನಾಗಿ ಬರತ್ತೆ."

ನಾನು ಕಿರುಚಿದೆ. ಏನು ಹೇಳಿದೆನೆಂದು ಇಲ್ಲಿ ಬರೆಯಲಾರೆ. ತರಗತಿಯಲ್ಲಿ ಒಮ್ಮೆಯೂ ದನಿಯೆತ್ತಿದವಳಲ್ಲ ಎಂಬುದು ನನ್ನ ಹೆಮ್ಮೆಯಾಗಿತ್ತು. ಅವನು ತಲೆ ತಿರುಗಿಸಿ ನನ್ನ ಧ್ವನಿ ಬಂದ ಕಡೆ ನೋಡಿದ. ಅಲ್ಲಿಂದ ನಾನು ಆಗಲೇ ಈಚೆ ಸರಿದಿದ್ದೆ. ಅವನ ದೃಷ್ಟಿ ಬಾಗಿಲ ಮೇಲೆ ನಿಂತಿತು.

ದೇವರೇ, ಇನ್ನು ಇವನನ್ನು ಯಾವುದರಿಂದ ಎತ್ತಲಿ?

ಫೆಬ್ರವರಿ ೬, ಮಂಗಳವಾರ

ಒಬ್ಬಳೇ ಕೆಲಸ ಮಾಡುತ್ತಿದ್ದೇನೆ. ಗೋಡೆಯಾಚೆ ಕೇಳಿಸಲೆಂದು ಪ್ರತಿ ಹಂತವನ್ನೂ ತರಗತಿಯ ದನಿಯಲ್ಲಿ ಓದುತ್ತೇನೆ. ಉತ್ತರವಿಲ್ಲ.

ಇಂದು ಒಂದು ಕೆಲಸ ಮಾಡಿದೆ. ಪುಸ್ತಕದಲ್ಲಿ "ರೇಡಿಯೇಟರಿಗೆ ನೀರು ತುಂಬುವುದು" ಎಂದಿದ್ದುದನ್ನು "ರೇಡಿಯೇಟರಿಗೆ ಬ್ರೇಕಿನ ಎಣ್ಣೆ ತುಂಬುವುದು" ಎಂದು ಓದಿದೆ. ನನಗೆ ತಿಳಿದಿರುವಂತೆ, ಬೇಕೆಂದೇ ತಪ್ಪು ಓದಿದ್ದು ಬದುಕಿನಲ್ಲಿ ಇದೇ ಮೊದಲು.

ಗೋಡೆಯಾಚೆ ಕುರ್ಚಿ ಕಿರುಗುಟ್ಟಿತು.

ಫೆಬ್ರವರಿ ೭, ಬುಧವಾರ

"ನೂರ ನಲವತ್ತನಾಲ್ಕು," ಎಂದು ಓದಿದೆ. "ಸ್ಟೀರಿಂಗ್ ಚಕ್ರವನ್ನು ಹಿಂದಿನ ಅಚ್ಚಿಗೆ ತೊಡಿಸುವುದು."

ಗೋಡೆಗೆ ಕೋಲಿನ ಪೆಟ್ಟು ಬಿತ್ತು. "ಏನೇ ಓದ್ತಿದೀಯಾ ನೀನು?"

"ಇರೋದನ್ನ."

"ಹಾಗೆ ಇರಕ್ಕೆ ಸಾಧ್ಯಾನೇ ಇಲ್ಲ! ಸ್ಟೀರಿಂಗನ್ನ ಯಾವ ದಡ್ಡ ಹಿಂದಕ್ಕೆ ಹಾಕ್ತಾನೆ?"

"ಪುಸ್ತಕದಲ್ಲಿದೆ. ಹಾಕ್ತಾ ಇದೀನಿ."

"ಮುಟ್ಬೇಡ! ಅಲ್ಲೇ ಇರು. ಮುಟ್ಟಬೇಡ ಅಂದೆ!"

ಗೋಡೆ ಹಿಡಿದುಕೊಂಡು, ಅಡುಗೆಮನೆಯ ಸ್ಟೂಲಿಗೆ ಎಡವಿ, ಬೈಯುತ್ತ ಬಂದ. ಆ ಬೈಗುಳಗಳ ಪೈಕಿ ಎರಡನ್ನು ನಾನು ಮೊದಲ ಬಾರಿ ಕೇಳಿದೆ. ನನ್ನ ಕೈಯಿಂದ ಸ್ಟೀರಿಂಗ್ ಚಕ್ರ ಕಸಿದು, ಬೆರಳುಗಳಿಂದಲೇ ಅದರ ಜಾಗ ಹುಡುಕಿ ಕೂರಿಸಿದ.

"ನಿನಗೂ ವಯಸ್ಸಾಯ್ತು," ಎಂದ.

"ಇರಬಹುದು," ಎಂದೆ. ಎರಡು ಬಟ್ಟಲು ಸೂಪು ಕುಡಿದ. ಬೇಕೆಂದೇ ತಪ್ಪು ಓದಿದ್ದೆಂದು ಅವನಿಗೆ ಗೊತ್ತಾಗಲಿಲ್ಲ.

ಫೆಬ್ರವರಿ ೨೩, ಶುಕ್ರವಾರ

ದಿನಕ್ಕೊಂದು ತಪ್ಪು, ಔಷಧದ ಹಾಗೆ. ಒಮ್ಮೆ ತಪ್ಪಾಗಿ ಓದುತ್ತೇನೆ. ಒಮ್ಮೆ ಒಂದು ನಟ್ಟನ್ನು ಸಡಿಲ ಬಿಟ್ಟು ಏನೂ ತಿಳಿಯದವಳಂತೆ ಇರುತ್ತೇನೆ. ಸೆಪ್ ತಡವುತ್ತ ಬಂದು ಅದನ್ನು ಹಿಡಿಯುತ್ತಾನೆ. "ಟೀಚರಮ್ಮ, ಇದೇನಿದು?" ಎನ್ನುವಾಗಿನ ಅವನ ಗರ್ವವನ್ನು ನೋಡಬೇಕು. ಅವನ ಬೆರಳುಗಳು ಈಗ ಅವನ ಕಣ್ಣುಗಳಿಗಿಂತ ಚುರುಕು. ಅವನ ಕಣ್ಣುಗಳಿಗೆ ಬೆಳಕು ಮತ್ತು ಕತ್ತಲೆಯಷ್ಟೇ ಉಳಿದಿದೆಯೆಂದು ನಾವಿಬ್ಬರೂ ಬಾಯಿಬಿಟ್ಟು ಹೇಳಿಕೊಂಡಿಲ್ಲ.

ಮಾರ್ಚ್ ೯, ಶುಕ್ರವಾರ

ನೂರ ತೊಂಬತ್ತೊಂದು. ಮುಗಿಯಿತು. ರೆಜ್ ಬಂದು ಕಟ್ಟಿಗೆಯ ಆಧಾರಗಳನ್ನು ತೆಗೆದ. ನಾವು ಕಟ್ಟಿದ ಕಾರು ತನ್ನ ನಾಲ್ಕು ಚಕ್ರಗಳ ಮೇಲೆ ತಾನೇ ನಿಂತಿತು. ಹಸಿರು ಬಣ್ಣ, ಸೊಂಟದೆತ್ತರವೂ ಇಲ್ಲ. ಮೊಲದಂತೆ ಕುಕ್ಕರುಗಾಲಲ್ಲಿದೆ.

"ಎಷ್ಟು ಚೆನ್ನಾಗಿದೆ ಹೇಳು," ಎಂದ ಸೆಪ್.

ಹೇಳಲು ಹೋದೆ. ಸರಿಯಾದ ಪದ ಸಿಗಲಿಲ್ಲ.

ಯುದ್ಧಕಾಲದ ವಿಮಾನ ನಿಲ್ದಾಣ ಮೂರು ಮೈಲಿ ಆಚೆ ಪಾಳುಬಿದ್ದಿದೆ. ಅದರ ರೈತನನ್ನು ರೆಜ್ ಒಪ್ಪಿಸಿದ್ದಾನೆ. ಅದು ರಸ್ತೆಯಲ್ಲ, ಪರವಾನಗಿ ಕೇಳುವವರಿಲ್ಲ. ಮುಂದಿನ ಶನಿವಾರ.

ಮಾರ್ಚ್ ೧೧, ಭಾನುವಾರ

ನಾನು ಪ್ರಾರ್ಥನೆಯಿಂದ ಬರುವಾಗ ಸೆಪ್ ಅಡುಗೆಮನೆಯ ಮೇಜಿನ ಮುಂದೆ ಕುಳಿತಿದ್ದ. ಭಾನುವಾರದ ಅಂಗಿಯ ತೋಳುಗಳಿಗೆ ಮೊಣಕೈಯವರೆಗೆ ಗ್ರೀಸು. ಮೊಣಕಾಲಿಗೆ ಗ್ಯಾರೇಜಿನ ದೂಳು.

"ಏನ್ ಮಾಡ್ತಿದ್ದೆ?"

"ಸುಮ್ನೆ ಕಾರನ್ನ ಮಾತಾಡಿಸ್ಕೊಂಡು ಬಂದೆ."

ಅಂಗಿ ಹಾಳಾದುದಕ್ಕೆ ಗದರಿದೆ. ಅವನು ಯಾಕೋ ಖುಷಿಯಲ್ಲಿದ್ದ.

ಮಾರ್ಚ್ ೧೭, ಶನಿವಾರ

ಹೇಗೆ ಬರೆಯಲಿ.

ರೆಜ್ ಟ್ರೇಲರಿನಲ್ಲಿ ಕಾರನ್ನು ತಂದಿದ್ದ. ಉದ್ದನೆಯ ಕಾಂಕ್ರೀಟು ದಾರಿ, ಬಿರುಕುಗಳಲ್ಲಿ ಹುಲ್ಲು, ಆ ತುದಿಯಲ್ಲಿ ಬೀಟ್‌ಗೆಡ್ಡೆಯ ರಾಶಿ. ಸೆಪ್ ಚಾಲಕನ ಜಾಗದಲ್ಲಿ. ನಾನು ಪಕ್ಕದಲ್ಲಿ, ಟೋಪಿ ಒತ್ತಿ ಹಿಡಿದುಕೊಂಡು.

"ಉಕ್ತಲೇಖನ ಕೊಡ್ತೀಯಲ್ಲ, ಹಾಗೆ ಕೊಡು," ಎಂದ. "ನಾನು ಬರ್ಕೊಂಡು ಹೋಗ್ತೀನಿ."

"ತಪ್ಪು ಬರೆದ್ರೆ?"

"ನೀನಿದೀಯಲ್ಲ ತಿದ್ದಕ್ಕೆ."

ಎಡ. ಸ್ವಲ್ಪ ಎಡ. ನೇರ. ನೇರ. ಬಲ, ಒಂದು ಬೆರಳಷ್ಟು. ನೇರ. ಮೂವತ್ತು, ನಲವತ್ತು. ಟೋಪಿ ಹೋಯಿತು. ಗಾಳಿ ಬಾಯೊಳಗಿಂದ ಮಾತನ್ನು ಕಿತ್ತುಕೊಂಡಿತು, ಕಿರುಚಿದೆ, ನೇರ ಸೆಪ್ ನೇರ! ಅರವತ್ತು. ಅವನ ಮುಖ. ಕಣ್ಣು ಮುಚ್ಚಿಕೊಂಡಿದ್ದ, ಹೇಗಿದ್ದರೂ ಒಂದೇ ಅಲ್ಲವೆ, ಎಪ್ಪತ್ತು, ಎಪ್ಪತ್ತೆರಡು, ಬೀಟ್ ರಾಶಿ ಬೆಳೆಯುತ್ತ ಬಂತು, ನಿಲ್ಲಿಸು, ನಿಲ್ಲಿಸೋ!

ನಿಂತಿತು. ಎಂಟು ಅಡಿ ಉಳಿದಿತ್ತು. ಅವನು ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಬಹಳ ಹೊತ್ತು ಕುಳಿತಿದ್ದ.

ಓಡುತ್ತ ಬಂದ ರೆಜ್ ನನ್ನ ಟೋಪಿ ಕೊಟ್ಟು, "ಮಿಸ್, ನೀವು ನಗ್ತಾ ಇದೀರಿ," ಎಂದ.

ಮಾರ್ಚ್ ೧೯, ಸೋಮವಾರ

ಸೆಪ್ ಕುರ್ಚಿಯಲ್ಲಿ. ಗೋಡೆಯ ಕಡೆ ಮುಖ.

"ಮುಗೀತಲ್ಲ," ಎಂದ. ಕಹಿಯಿಲ್ಲದೆ ಹೇಳಿದ, ಅದೇ ನನ್ನ ಭಯ. ಕೇಳಿದ್ದು ಒಂದು ಸಲ, ಆ ಒಂದು ಸಲ ಆಯಿತು. ಮೊಟ್ಟೆ ಹಾಗೆಯೇ ತಣ್ಣಗಾಯಿತು. ತಪ್ಪು ಓದೋಣವೆಂದರೆ ಓದಲು ಏನೂ ಉಳಿದಿಲ್ಲ.

ಮಾರ್ಚ್ ೨೧, ಬುಧವಾರ

ಕಾರಿಗೆ ಹಳೆಯ ಹಾಸುಬಟ್ಟೆ ಹೊದಿಸಲು ಗ್ಯಾರೇಜಿಗೆ ಹೋದೆ. ಶವಕ್ಕೆ ಹೊದಿಸುವಂತೆ ತೋರಿ ಕೈ ಬರಲಿಲ್ಲ. ಹೊತ್ತು ಕಳೆಯಲೆಂದು ಕೆಂಪು ಚುಕ್ಕೆಗಳನ್ನು ಎಣಿಸತೊಡಗಿದೆ. ಮುಂದಿನ ಎಡ ಚಕ್ರದ ಹಿಂದೆ ಬಂದಾಗ ಎಣಿಕೆ ನಿಂತಿತು.

ತೋಳುಗಳ ನಟ್ಟುಗಳ ಮೇಲೆ ಚುಕ್ಕೆ ಇರಲಿಲ್ಲ. ಎಡಕ್ಕಿರಲಿಲ್ಲ. ಬಲಕ್ಕೂ ಇರಲಿಲ್ಲ. ಹಿಂದಕ್ಕೂ. ಎಂಟು.

ಕಂಪನಿಯ ಹಾಳೆಗಳನ್ನು ಅಲಮಾರಿಯಿಂದ ತೆಗೆದೆ. ಮೊದಲನೆಯ ಹಾಳೆ, ಮೊದಲನೆಯ ಸಾಲು: ಕಾರು ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ಎಂಟು ನಟ್ಟುಗಳನ್ನು ಸಡಿಲಿಸಿ. ಪುನರುಕ್ತಿಯೆಂದು ನಾನು ಹೊಡೆದುಹಾಕಿದ ಸಾಲು. ಹಿಂದುಮುಂದಾಗಿ ಓದಿದರೆ ಅದು ಕೊನೆಯ ಹಂತ: ಕಾರು ನೆಲಕ್ಕಿಳಿದ ಮೇಲೆ ಎಂಟನ್ನೂ ಬಿಗಿಯುವುದು. ಅದನ್ನು ನಾನು ಅವನಿಗೆ ಓದಿಯೇ ಇರಲಿಲ್ಲ. ಬೆರಳಿನಲ್ಲಿ ಕೂರಿಸಿದ ಎಂಟು ನಟ್ಟುಗಳ ಮೇಲೆ ಕುಳಿತು ಕಣ್ಣಿಲ್ಲದ ಮನುಷ್ಯನಿಗೆ ಎಪ್ಪತ್ತೆರಡು ಮೈಲಿ ವೇಗದಲ್ಲಿ ನೇರ, ನೇರ ಎಂದಿದ್ದೆ.

ಸ್ಪಾನರ್ ಹಾಕಿ ಎಳೆದೆ. ಅಲುಗಲಿಲ್ಲ. ಎರಡನೆಯದೂ ಅಲುಗಲಿಲ್ಲ. ಎಂಟೂ ಕಲ್ಲಿನಂತೆ ಬಿಗಿಯಾಗಿದ್ದವು.

ಕೂರುವ ಕೋಣೆಗೆ ಹೋಗಿ ಅವನ ಮುಂದೆ ನಿಂತೆ.

"ತೋಳಿನ ನಟ್ಟುಗಳನ್ನ ಯಾರು ಬಿಗಿದ್ರು?"

"ಓ, ಅದಾ," ಎಂದ. ಮುಖದಲ್ಲಿ ಒಂದಿಷ್ಟು ಬೆಳಕು ಬಂತು. "ನಾನೇ. ನೀನು ಪ್ರಾರ್ಥನೆಗೆ ಹೋಗಿದ್ದಾಗ. ಕಡೇ ಪರೀಕ್ಷೆ ಇದೇ ಅಂದ್ಕೊಂಡೆ. ಎಂಟೂ ಸಡಿಲ ಬಿಟ್ಟಿದ್ದೆಯಲ್ಲ! ಒಂದೇ ಸಲ ಎಂಟು! ಕುಂಚ ಹಿಡಿಯಕ್ಕೆ ಆಗಲ್ಲ, ಅದಕ್ಕೆ ಚುಕ್ಕೆ ಇಡ್ಲಿಲ್ಲ."

"ಪರೀಕ್ಷೆ ಅಂದ್ರೆ?"

"ಥರ್ಜಾ, ಸ್ಟೀರಿಂಗನ್ನ ಹಿಂದಿನ ಅಚ್ಚಿಗೆ ಹಾಕು ಅಂತ ನೀನು ಗೊತ್ತಿಲ್ದೆ ಓದ್ತೀಯಾ? ಮೂವತ್ತಾರು ವರ್ಷದಲ್ಲಿ ನೀನು ಒಂದು ತಪ್ಪು ಓದಿದ್ದು ಕೇಳಿಲ್ಲ. ನನ್ನ ಎಬ್ಬಿಸಕ್ಕೆ ಓದ್ತಿದೀಯ ಅಂತ ಅವತ್ತೇ ಗೊತ್ತಾಯ್ತು. ಅದಕ್ಕೇ ಎದ್ದೆ."

ಹೌದೆಂದರೆ ಸಾಕಿತ್ತು. ನಾನು ಆ ಮನುಷ್ಯನ ಕಣ್ಣಿನಲ್ಲಿ ಎಂದೂ ತಪ್ಪದವಳಾಗಿ ಉಳಿಯುತ್ತಿದ್ದೆ.

"ಉಳಿದವು ಬೇಕಂತಲೇ," ಎಂದೆ. "ಎಂಟು ನಟ್ಟು ಅಲ್ಲ. ಅದು ನನ್ನ ತಪ್ಪು, ಸೆಪ್. ಕಂಪನಿಯವರು ಬರೆದಿದ್ರು. ಒಂದೇ ಮಾತು ಎರಡು ಸಲ ಅಂತ ನಾನು ಹೊಡೆದುಹಾಕ್ದೆ. ನಾನು ನಿನ್ನ ಕೊಲ್ತಿದ್ದೆ."

ಅವನ ಭುಜಗಳು ಕುಲುಕಿದವು. ಅಳುತ್ತಿದ್ದಾನೆಂದು ಭಾವಿಸಿದೆ. ನಗುತ್ತಿದ್ದ. ಕಣ್ಣೀರು ಬರುವವರೆಗೆ ನಕ್ಕ.

"ತಪ್ಪು ಮಾಡಿದ್ಯಾ! ನೀನು! ರೆಜ್‌ಗೆ ಹೇಳ್ಬೇಕು. ಅವನು ಹಬ್ಬ ಮಾಡ್ತಾನೆ." ನಗು ನಿಂತಿತು. "ಆದ್ರೆ ಯಾಕೆ ಎರಡು ಸಲ ಬರೆದ್ರು ಗೊತ್ತಾ? ತೋಳಿನೊಳಗೆ ರಬ್ಬರ್ ಇದೆ. ಮೈಮೇಲೆ ಭಾರ ಬೀಳೋ ಮುಂಚೆ ಬಿಗಿದ್ರೆ ತಿರುಚ್ಕೊಂಡು ಹರಿದುಹೋಗತ್ತೆ. ಭಾರ ಬಿದ್ದ ಮೇಲೇನೇ ಬಿಗೀಬೇಕು."

ಅವನ ಕೈ ಕೋಟಿನ ಗುಂಡಿಗೆ ಹೋಯಿತು. ಹಾಕಿತು. ಬಿಚ್ಚಿತು. ನಾನು ಅದನ್ನೇ ನೋಡುತ್ತ ನಿಂತಿದ್ದೆ. ನನ್ನ ಕೈಯಲ್ಲಿ ಕಂಪನಿಯ ಹನ್ನೊಂದು ಹಾಳೆಗಳು ಇನ್ನೂ ಇದ್ದವು. ಬಿಚ್ಚುವ ಕ್ರಮ. ಅವರು ಬರೆದ ಅನುಕ್ರಮದಲ್ಲಿ ಇದನ್ನು ಯಾರೂ ಒಮ್ಮೆಯೂ ಓದಿರಲಾರರು.

"ಏಳು ಸೆಪ್," ಎಂದೆ. "ಗ್ಯಾರೇಜಿಗೆ ಬಾ."

"ಯಾಕೆ? ಎಲ್ಲ ಮುಗೀತಲ್ಲ."

"ಬಿಚ್ಚಕ್ಕೆ ಇನ್ನೂರ ಹದಿನಾಲ್ಕು ಹಂತ ಇದೆ. ಮುಗಿದ್ರೆ ನನ್ನ ಪುಸ್ತಕ ಇದೆ. ಅದು ಮುಗಿದ್ರೆ ಮತ್ತೆ ಇದು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದ. ಅಡುಗೆಮನೆಯ ಸ್ಟೂಲನ್ನು ಬಳಸಿಕೊಂಡು ನನಗಿಂತ ಮುಂದೆ ನಡೆದ. ಒಂಬತ್ತು ಬೈ ಹದಿನಾರು ಇಂಚಿನ ಸ್ಪಾನರನ್ನು ಅವನ ಅಂಗೈಗಿಟ್ಟೆ.

"ಓದಮ್ಮ ಟೀಚರಮ್ಮ," ಎಂದ, ಚಕ್ರದ ಪಕ್ಕದಲ್ಲಿ ಮಂಡಿಯೂರಿ.

ಮೊದಲನೆಯ ಹಾಳೆಯ ಮೊದಲನೆಯ ಸಾಲನ್ನು ಓದಿದೆ. ಒಂದಕ್ಷರವನ್ನೂ ತಿದ್ದಲಿಲ್ಲ. ಅವನು ಮತ್ತೊಮ್ಮೆ ಓದೆನ್ನಲಿಲ್ಲ, ಆದರೂ ಎರಡು ಸಲ ಓದಿದೆ.